ನೆಟ್ಟ ಕೂದಲು ಮೊಳೆಯುವವರೆಗೆ

ಬೊಕ್ಕತಲೆಯು ನೋವನ್ನು ಕೊಡುವ ರೋಗವಲ್ಲ; ದುಡಿಮೆಗೆ ಅದರಿಂದ ಅಡ್ಡಿಯೂ ಇಲ್ಲ. ಆದರೂ ಇಪ್ಪತ್ತೈದರ ಪ್ರಾಯದಲ್ಲಿಯೇ ಮುಂದಲೆಯ ಕೂದಲು ಹಿಂದೆ ಸರಿಯತೊಡಗಿದರೆ ತರುಣನ ಮನಸ್ಸಿಗೆ ಆಗುವ ಕಳವಳವು ಸಣ್ಣದಲ್ಲ. ಕನ್ಯೆಯನ್ನು ನೋಡಲು ಹೋದ ಮನೆಯಲ್ಲಿ ಎಲ್ಲರ ದೃಷ್ಟಿಯೂ ತನ್ನ ನೆತ್ತಿಯ ಮೇಲೆಯೇ ಇದೆಯೆಂದು ಅವನಿಗೆ ತೋರುತ್ತದೆ. ಹಿಂದಿನವರ ಈ ಕಳವಳವನ್ನು ರುಮಾಲು, ಟೊಪ್ಪಿಗೆಗಳು ಮರೆಸುತ್ತಿದ್ದವು. ಇಂದಿನವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಕೂದಲು ಕಸಿ ಮಾಡಿಸಿಕೊಂಡು ಬರುತ್ತಾರೆ.

ಕಸಿಯ ಶಸ್ತ್ರಕ್ರಿಯೆ ಒಂದು ದಿನದ ಕೆಲಸ. ಅದರ ಫಲವನ್ನು ಪೂರ್ಣವಾಗಿ ಕಾಣಲು ಒಂದು ವರ್ಷ ಬೇಕು. ಈ ಒಂದು ದಿನಕ್ಕೂ ಆ ಒಂದು ವರ್ಷಕ್ಕೂ ನಡುವೆ ಇರುವ ಅವಧಿಯಲ್ಲಿಯೇ ಮಾಡಿಸಿಕೊಂಡವನ ಅಂಜಿಕೆ, ಮನೆಯವರ ಅಸಮಾಧಾನ, ಎಣ್ಣೆ ಮಾರುವವರ ವ್ಯಾಪಾರ ಎಲ್ಲವೂ ನಡೆಯುತ್ತವೆ. ಕಾಯಬೇಕು ಎಂದು ವೈದ್ಯರು ಹೇಳುತ್ತಾರೆ. ಏಕೆ ಕಾಯಬೇಕು, ಎಷ್ಟು ಕಾಯಬೇಕು, ಯಾವಾಗ ಕಾಯಬಾರದು ಎಂಬುದನ್ನು ತಿಳಿದವನಿಗೆ ಕಾಯುವುದು ಸುಲಭವಾಗುತ್ತದೆ. ನಾವು ವೈದ್ಯರಲ್ಲ, ಭೌತವಿಜ್ಞಾನವನ್ನು ಬೋಧಿಸುವವರು. ಆದರೆ ಇಲ್ಲಿ ಏಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ದೂರ, ಕಾಲ, ವೇಗ, ಉಷ್ಣತೆಗಳಿಗೆ ಸಂಬಂಧಿಸಿದವು. ಆದುದರಿಂದ ವಿದ್ಯಾರ್ಥಿಮಿತ್ರರೊಡನೆ ಅವುಗಳನ್ನು ಸ್ವಲ್ಪ ವಿಚಾರಿಸೋಣ.

ಕೂದಲಿನ ಗಡಿಯಾರ

ಕಣ್ಣಿಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದು ಕೆರಟಿನ್ ಎಂಬ ಸಸಾರಜನಕದಿಂದಾದ ಎಳೆ. ಉಗುರು, ಕೊಂಬು, ಗೊರಸುಗಳೂ ಇದೇ ಜಾತಿಯ ವಸ್ತುವಿನಿಂದ ಆದವು. ಕತ್ತರಿಸಿದರೆ ನೋವಾಗದಿರುವುದು ಇದರಿಂದಲೇ. ಜೀವವಿರುವುದು ಚರ್ಮದ ಕೆಳಗೆ, ಸುಮಾರು ೪ ಮಿಲಿಮೀಟರು ಆಳದಲ್ಲಿ, ಸಣ್ಣ ಚೀಲದಂತಿರುವ ರೋಮಕೂಪದ ತಳದಲ್ಲಿ. ಅಲ್ಲಿಯ ಜೀವಕೋಶಗಳು ಒಂದೇ ಸಮನೆ ಒಡೆದು ಎರಡಾಗುತ್ತ, ಹಳೆಯವನ್ನು ಮೇಲಕ್ಕೆ ತಳ್ಳುತ್ತವೆ. ತಳ್ಳಲ್ಪಟ್ಟವು ಗಟ್ಟಿಯಾಗಿ, ಸತ್ತು, ಕೂದಲೆನಿಸುತ್ತವೆ.

ತಲೆಗೂದಲು ದಿನಕ್ಕೆ ಸುಮಾರು ೦.೩೫ ಮಿಲಿಮೀಟರು ಬೆಳೆಯುತ್ತದೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು. ಒಂದು ದಿನದಲ್ಲಿ ೮೬,೪೦೦ ಸೆಕೆಂಡುಗಳಿವೆ. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು ೪ ನ್ಯಾನೋಮೀಟರು, ಅಂದರೆ ಮೀಟರಿನ ನೂರು ಕೋಟಿ ಭಾಗಗಳಲ್ಲಿ ನಾಲ್ಕು ಭಾಗ ಎಂದಾಗುತ್ತದೆ. ಇಷ್ಟು ನಿಧಾನವಾದ ಚಲನೆಯನ್ನು ದಿನವೂ ಕನ್ನಡಿಯ ಮುಂದೆ ನಿಂತು ಕಾಣಬಯಸುವುದು ವ್ಯರ್ಥ. ಆದರೆ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ಅವೆಲ್ಲವುಗಳ ಬೆಳವಣಿಗೆಯನ್ನು ಕೂಡಿಸಿದರೆ ದಿನಕ್ಕೆ ೩೫ ಮೀಟರು ಉದ್ದದ ಎಳೆಯನ್ನು ನಮ್ಮ ತಲೆ ನೂಲುತ್ತದೆ!

ರೋಮಕೂಪವು ಎಡೆಬಿಡದೆ ದುಡಿಯುವುದಿಲ್ಲ. ಎರಡರಿಂದ ಆರು ವರ್ಷಗಳವರೆಗೆ ಅದು ಕೂದಲನ್ನು ಬೆಳೆಸುತ್ತದೆ. ಅನಂತರ ಎರಡು ಮೂರು ವಾರಗಳಲ್ಲಿ ಕುಗ್ಗಿ ಕೆಲಸವನ್ನು ನಿಲ್ಲಿಸುತ್ತದೆ. ಬಳಿಕ ಸುಮಾರು ಮೂರು ತಿಂಗಳು ವಿಶ್ರಾಂತಿ. ಈ ವಿಶ್ರಾಂತಿಯ ಕಾಲದಲ್ಲಿ ಹಳೆಯ ಕೂದಲು ಉದುರುತ್ತದೆ. ಆಮೇಲೆ ಅದೇ ರೋಮಕೂಪದಲ್ಲಿ ಹೊಸ ಕೂದಲು ಹುಟ್ಟುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಬೆಳವಣಿಗೆಗೆ ೧,೦೦೦ ದಿನ, ವಿಶ್ರಾಂತಿಗೆ ೧೦೦ ದಿನ ಎಂದು ಇಟ್ಟುಕೊಳ್ಳೋಣ. ಆಗ ಪ್ರತಿಯೊಂದು ರೋಮಕೂಪವೂ ೧,೧೦೦ ದಿನಗಳಿಗೊಮ್ಮೆ ಒಂದು ಕೂದಲನ್ನು ಕಳೆದುಕೊಳ್ಳುತ್ತದೆ. ಲಕ್ಷ ರೋಮಕೂಪಗಳಿದ್ದರೆ ದಿನಕ್ಕೆ ಸುಮಾರು ೯೦ ಕೂದಲು ಉದುರಲೇಬೇಕು. ಆರೋಗ್ಯವಂತರ ತಲೆಯಿಂದ ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವುದು ಸಹಜವೆಂದು ವೈದ್ಯರು ಹೇಳುವುದಕ್ಕೂ ಈ ಲೆಕ್ಕಕ್ಕೂ ಹೊಂದಿಕೆಯಾಗುತ್ತದೆ. ಬಾಚಣಿಗೆಯಲ್ಲಿ ಸಿಕ್ಕ ನಾಲ್ಕು ಕೂದಲನ್ನು ಕಂಡು ಹೆದರಬೇಕಾದುದಿಲ್ಲ. ಉದುರುವಿಕೆ ಈ ಗಡಿಯಾರದ ಒಂದು ಅಂಗ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಸ್ಥಳ ಬದಲಾದರೂ ಗುಣ ಬದಲಾಗದು

ದೇಹದ ಒಂದು ಭಾಗದ ಚರ್ಮವನ್ನು ಮತ್ತೊಂದು ಭಾಗಕ್ಕೆ ಜೋಡಿಸುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ೧೭೯೨ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬುವನು ಟಿಪ್ಪೂ ಸುಲ್ತಾನನ ಕಡೆಯವರ ಕೈಗೆ ಸಿಕ್ಕಿ ಮೂಗನ್ನು ಕಳೆದುಕೊಂಡನು. ಮರುವರ್ಷ ಪುಣೆಯ ಬಳಿಯ ಒಬ್ಬ ದೇಶೀಯ ಕುಶಲನು ಅವನ ಹಣೆಯ ಚರ್ಮವನ್ನೇ ಕೆಳಕ್ಕೆ ತಿರುಗಿಸಿ ಮೂಗನ್ನು ಕಟ್ಟಿಕೊಟ್ಟನು. ಈ ವೃತ್ತಾಂತವು ೧೭೯೪ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಚಿತ್ರಸಹಿತವಾಗಿ ಪ್ರಕಟವಾಗಿ, ಯುರೋಪಿನ ಶಸ್ತ್ರವೈದ್ಯರ ಕಣ್ಣು ತೆರೆಸಿತು. ಇಂಥ ಶಸ್ತ್ರಕ್ರಿಯೆಯಲ್ಲಿ ಒಂದು ವಿಚಿತ್ರ ಉಂಟು. ಹಣೆ ಚಿಕ್ಕದಾಗಿದ್ದು ಚರ್ಮದ ತುಂಡಿನಲ್ಲಿ ಕೂದಲಿರುವ ಭಾಗವೂ ಸೇರಿಬಂದರೆ, ಮೂಗಿನ ಮೇಲೆ ತಲೆಗೂದಲು ಬೆಳೆಯತೊಡಗುತ್ತದೆ! ಚರ್ಮವು ತಾನಿರುವ ಹೊಸ ಸ್ಥಳದ ಗುಣವನ್ನು ಹಿಡಿಯದೆ, ತಾನು ಹುಟ್ಟಿದ ಸ್ಥಳದ ಗುಣವನ್ನೇ ಉಳಿಸಿಕೊಳ್ಳುತ್ತದೆ.

ಕೂದಲು ಕಸಿಯ ಸಕಲ ರಹಸ್ಯವೂ ಇಷ್ಟೇ. ಗಂಡಸರ ಬೊಕ್ಕತಲೆಯನ್ನು ಗಮನಿಸಿದರೆ ಮುಂದಲೆ, ನೆತ್ತಿಗಳು ಬರಿದಾದರೂ ಹಿಂದಲೆಯಲ್ಲಿ, ಕಿವಿಗಳ ಮೇಲುಗಡೆಯಲ್ಲಿ ಕೂದಲಿನ ಪಟ್ಟಿಯೊಂದು ಉಳಿದಿರುವುದು ಕಾಣುತ್ತದೆ. ಪುರುಷ ಹಾರ್ಮೋನಿಗೂ ಬೊಕ್ಕತಲೆಗೂ ಸಂಬಂಧವುಂಟೆಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ೧೯೪೨ರಲ್ಲಿ ತೋರಿಸಿಕೊಟ್ಟರು. ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ಚರ್ಮದಲ್ಲಿ ಡೈಹೈಡ್ರೊಟೆಸ್ಟೊಸ್ಟೆರೋನ್ ಆಗಿ ಮಾರ್ಪಟ್ಟು, ಆನುವಂಶಿಕವಾಗಿ ಅದಕ್ಕೆ ಮಣಿಯುವ ರೋಮಕೂಪಗಳನ್ನು ವರ್ಷ ವರ್ಷಕ್ಕೆ ಕುಗ್ಗಿಸುತ್ತದೆ. ಹಿಂದಲೆಯ ರೋಮಕೂಪಗಳು ಅದಕ್ಕೆ ಅಷ್ಟಾಗಿ ಮಣಿಯವು. ಅವುಗಳನ್ನು ಕಿತ್ತು ಮುಂದಲೆಯಲ್ಲಿ ನೆಟ್ಟರೆ?

ಜಪಾನಿನ ವೈದ್ಯ ಶೋಜಿ ಒಕುಡಾ ೧೯೩೯ರಲ್ಲಿಯೇ ಕೂದಲಿರುವ ಚರ್ಮದ ಸಣ್ಣ ಬಿಲ್ಲೆಗಳನ್ನು ನೆಟ್ಟು ಯಶಸ್ವಿಯಾದುದನ್ನು ಜಪಾನೀ ಭಾಷೆಯಲ್ಲಿ ವರದಿ ಮಾಡಿದ್ದರು. ಮಹಾಯುದ್ಧದ ಗದ್ದಲದಲ್ಲಿ ಅದು ಹೊರಗಿನವರ ಕಿವಿಗೆ ಬೀಳಲಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ ೧೯೫೨ರಲ್ಲಿ ಬೊಕ್ಕತಲೆಯ ಮೇಲೆ ಈ ಪ್ರಯೋಗವನ್ನು ಮಾಡಿ, ೧೯೫೯ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ನೆಟ್ಟ ತುಂಡು ತನ್ನ ಮೂಲಸ್ಥಾನದ ಗುಣವನ್ನು ಉಳಿಸಿಕೊಳ್ಳುವುದಕ್ಕೆ ಅವರು ‘ದಾತೃಪ್ರಾಬಲ್ಯ’ ಎಂಬ ಅರ್ಥದ ಹೆಸರನ್ನು ಕೊಟ್ಟರು. ಇಲ್ಲಿ ದಾತೃವೆಂದರೆ ಬೇರೊಬ್ಬ ಮನುಷ್ಯನಲ್ಲ, ತನ್ನದೇ ಹಿಂದಲೆ. ಬೇರೆಯವರ ಕೂದಲನ್ನು ನೆಟ್ಟರೆ ದೇಹವು ಅದನ್ನು ಪರಕೀಯವೆಂದು ತಿಳಿದು ತಿರಸ್ಕರಿಸುತ್ತದೆ. ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಕಸಿಯು ಹೊಸ ಕೂದಲನ್ನು ಸೃಷ್ಟಿಸುವುದಿಲ್ಲ; ಇರುವುದನ್ನು ಹಿಂದಿನಿಂದ ಮುಂದಕ್ಕೆ ತರುತ್ತದೆ, ಅಷ್ಟೇ. ಹಿಂದಲೆಯ ಭಂಡಾರಕ್ಕೆ ಮಿತಿಯುಂಟು.

ಸಣ್ಣ ತುಂಡು ಏಕೆ ಬದುಕುತ್ತದೆ?

ಒರೆಂಟ್ರೈಕರ ಕಾಲದಲ್ಲಿ ಸುಮಾರು ೪ ಮಿಲಿಮೀಟರು ವ್ಯಾಸದ ಬಿಲ್ಲೆಗಳನ್ನು ನೆಡುತ್ತಿದ್ದರು. ಒಂದೊಂದರಲ್ಲಿಯೂ ಹತ್ತಾರು ಕೂದಲುಗಳು. ಅನೇಕ ವೇಳೆ ಬಿಲ್ಲೆಯ ಅಂಚಿನಲ್ಲಿ ಕೂದಲು ಬೆಳೆದು ನಡುಭಾಗ ಬೋಳಾಗಿ ಉಳಿಯುತ್ತಿತ್ತು. ಉದ್ದಿನ ವಡೆಯಂತೆ ನಡುವೆ ತೂತು! ಇದಕ್ಕೆ ಕಾರಣವನ್ನು ಭೌತವಿಜ್ಞಾನದ ವಿದ್ಯಾರ್ಥಿಯು ಊಹಿಸಬಲ್ಲನು.

ದೇಹದಿಂದ ಬೇರ್ಪಡಿಸಿದ ತುಂಡಿನಲ್ಲಿ ರಕ್ತಸಂಚಾರವಿಲ್ಲ. ನೆಟ್ಟ ಮೊದಲ ದಿನಗಳಲ್ಲಿ ಅದಕ್ಕೆ ಬೇಕಾದ ಆಮ್ಲಜನಕವು ಸುತ್ತಲಿನ ದ್ರವದಿಂದ ವಿಸರಣದ ಮೂಲಕ, ಎಂದರೆ ಅಣುಗಳು ತಾವಾಗಿಯೇ ಅತ್ತಿತ್ತ ಅಲೆಯುತ್ತ ಹರಡುವ ಕ್ರಿಯೆಯ ಮೂಲಕ ಒಳಕ್ಕೆ ಬರಬೇಕು. ವಿಸರಣದ ನಿಯಮವು ಕಠಿಣವಾದುದು. ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುತ್ತದೆ. ದೂರ ಐದು ಪಟ್ಟಾದರೆ ಕಾಲ ಇಪ್ಪತ್ತೈದು ಪಟ್ಟು. ೪ ಮಿಲಿಮೀಟರಿನ ಬಿಲ್ಲೆಯ ಅಂಚಿನಿಂದ ಕೇಂದ್ರಕ್ಕೆ ೨ ಮಿಲಿಮೀಟರು ದೂರ. ಈಗ ಬಳಸುವ ಕೊಳವೆಯಂಥ ಅಲಗಿನ ವ್ಯಾಸ ಸಾಮಾನ್ಯವಾಗಿ ೧ ಮಿಲಿಮೀಟರಿಗಿಂತ ಕಡಿಮೆ. ೦.೮ ಮಿಲಿಮೀಟರಿನ ತುಂಡಿನಲ್ಲಿ ಅಂಚಿನಿಂದ ಕೇಂದ್ರಕ್ಕೆ ೦.೪ ಮಿಲಿಮೀಟರು ಮಾತ್ರ. ಅಂದರೆ ಹಳೆಯ ಬಿಲ್ಲೆಯ ನಡುವಿಗೆ ಆಮ್ಲಜನಕವು ತಲುಪಲು ಇಪ್ಪತ್ತೈದು ಪಟ್ಟು ಕಾಲ ಬೇಕು. ಅದೂ ದಾರಿಯಲ್ಲಿರುವ ಹಸಿದ ಕೋಶಗಳು ತಮ್ಮ ಪಾಲನ್ನು ಹೀರಿಕೊಂಡ ಮೇಲೆ ಉಳಿದಷ್ಟು. ನಡುವಿನ ರೋಮಕೂಪಗಳು ಉಸಿರುಕಟ್ಟಿ ಸಾಯುತ್ತಿದ್ದುದು ಆಶ್ಚರ್ಯವಲ್ಲ.

ತಲೆಯಲ್ಲಿ ಕೂದಲುಗಳು ಒಂದು, ಎರಡು, ಮೂರು, ನಾಲ್ಕರ ಸಣ್ಣ ಗುಂಪುಗಳಾಗಿ ಹುಟ್ಟುತ್ತವೆಂಬುದನ್ನು ೧೯೮೪ರಲ್ಲಿ ಹೆಡಿಂಗ್ಟನ್ ಎಂಬ ವಿಜ್ಞಾನಿ ಸ್ಪಷ್ಟವಾಗಿ ವರ್ಣಿಸಿದರು. ಈಗ ಆ ಸಹಜ ಗುಂಪುಗಳನ್ನೇ ಒಂದೊಂದಾಗಿ ತೆಗೆದು ನೆಡುತ್ತಾರೆ. ಇಂಥ ಎರಡು ಸಾವಿರ ತುಂಡುಗಳನ್ನು ನೆಡಲು ಇಡೀ ಹಗಲು ಹಿಡಿಯುವುದು ಸಾಮಾನ್ಯ.

ಅಗಿ ಹಚ್ಚುವವರ ವಿವೇಕ

ಗದಗು ಜಿಲ್ಲೆಯ ಲಕ್ಷ್ಮೇಶ್ವರದ ಸುತ್ತಿನಲ್ಲಿ, ಯಳವತ್ತಿಯಂಥ ಊರುಗಳಲ್ಲಿ, ಮೆಣಸಿನ ಅಗಿಯನ್ನು ಮಡಿಯಿಂದ ಕಿತ್ತು ಹೊಲಕ್ಕೆ ಹಚ್ಚುವುದನ್ನು ಕಂಡವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಅನುಭವಿಯಾದ ರೈತನು ಅಗಿಯನ್ನು ಬಿಸಿಲಿನಲ್ಲಿ ಹರಡುವುದಿಲ್ಲ. ಬೇರು ಒಣಗದಂತೆ ಹಸಿ ಗೋಣಿತಟ್ಟಿನಲ್ಲಿ ಸುತ್ತಿ ನೆರಳಿನಲ್ಲಿಡುತ್ತಾನೆ. ಮೋಡವಿರುವಾಗಲೋ ಇಳಿಹೊತ್ತಿನಲ್ಲೋ ಹಚ್ಚುತ್ತಾನೆ. ಕಿತ್ತ ಅಗಿಗೂ ಹಚ್ಚಿದ ಅಗಿಗೂ ನಡುವಿನ ಕಾಲವು ಕಡಿಮೆಯಾದಷ್ಟೂ ಲೇಸು.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೂ ನಡೆಯುವುದು ಇದೇ. ಕಿತ್ತ ತುಂಡುಗಳನ್ನು ನೂರು ಮಿಲಿಲೀಟರಿಗೆ ೦.೯ ಗ್ರಾಂ ಉಪ್ಪು ಬೆರೆತ ನೀರಿನಂಥ ದ್ರಾವಣದಲ್ಲಿ, ತಣ್ಣಗೆ ಇಡುತ್ತಾರೆ. ಬರಿಯ ನೀರೇಕೆ ಆಗದು? ಅಭಿಸರಣದಿಂದ ನೀರು ಕೋಶಗಳೊಳಕ್ಕೆ ನುಗ್ಗಿ ಅವು ಉಬ್ಬಿ ಒಡೆಯುತ್ತವೆ. ತಣ್ಣಗೇಕೆ ಇಡಬೇಕು? ಉಷ್ಣತೆಯು ೧೦ ಡಿಗ್ರಿ ಇಳಿದರೆ ಜೀವರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಅರ್ಧವಾಗುತ್ತದೆ. ಮೈಯ ೩೭ ಡಿಗ್ರಿ ಸೆಂಟಿಗ್ರೇಡಿನಿಂದ ೭ ಡಿಗ್ರಿಗೆ ಇಳಿಸಿದರೆ ಮೂರು ಸಲ ಅರ್ಧವಾಗಿ, ಎಂಟನೆಯ ಒಂದು ಭಾಗಕ್ಕೆ ಬರುತ್ತದೆ. ಹಸಿವು ಕಡಿಮೆಯಾದ ಕೋಶವು ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ. ಹೆಪ್ಪುಗಟ್ಟುವಷ್ಟು ತಣ್ಣಗಾಗಲೂ ಬಾರದು. ಮಂಜಿನ ಹರಳುಗಳು ಕೋಶಗಳನ್ನು ಸೀಳಿಬಿಡುತ್ತವೆ. ಅಮೆರಿಕದ ಲಿಮರ್ ಎಂಬ ವೈದ್ಯರು ೧೯೯೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೊರಗೆ ಎರಡು ಗಂಟೆ ಇದ್ದ ತುಂಡುಗಳಲ್ಲಿ ನೂರಕ್ಕೆ ೯೫ ಬದುಕಿದವು. ಇಪ್ಪತ್ತನಾಲ್ಕು ಗಂಟೆ ಇದ್ದವುಗಳಲ್ಲಿ ನೂರಕ್ಕೆ ೭೯. ಹೊತ್ತಿಗೆ ಬೆಲೆಯಿದೆ.

ಮೊದಲ ಹತ್ತು ದಿನಗಳು

ನೆಟ್ಟ ತುಂಡನ್ನು ಮೊದಲು ಹಿಡಿದಿಡುವುದು ಹೆಪ್ಪುಗಟ್ಟಿದ ರಕ್ತದ ಜಿಗುಟು ಮಾತ್ರ. ಆಗ ಅದು ಸುತ್ತಲಿನ ರಕ್ತರಸವನ್ನು ಹೀರಿ ಜೀವ ಹಿಡಿದಿರುತ್ತದೆ. ಎರಡು ಮೂರು ದಿನಗಳಲ್ಲಿ ನೆಲದ ಸೂಕ್ಷ್ಮ ರಕ್ತನಾಳಗಳ ತುದಿಗಳೂ ತುಂಡಿನ ರಕ್ತನಾಳಗಳ ತುದಿಗಳೂ ಒಂದನ್ನೊಂದು ಕೂಡತೊಡಗುತ್ತವೆ. ಹೊಸ ನಾಳಗಳೂ ಬೆಳೆಯುತ್ತವೆ. ವಾರ ಕಳೆಯುವಷ್ಟರಲ್ಲಿ ರಕ್ತಸಂಚಾರವು ನೆಲೆಗೊಳ್ಳುತ್ತದೆ.

ಈ ಬೆಸುಗೆಯ ಬಲವನ್ನು ಬರ್ನ್‌ಸ್ಟೈನ್ ಮತ್ತು ರಾಸ್‌ಮನ್ ಎಂಬ ವೈದ್ಯರು ೨೦೦೬ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಳೆದಿದ್ದಾರೆ. ಮೊದಲ ಎರಡು ದಿನಗಳಲ್ಲಿ ಕೂದಲನ್ನು ಜಗ್ಗಿದರೆ ತುಂಡೇ ಕಿತ್ತುಬರುತ್ತಿತ್ತು. ಆರನೆಯ ದಿನದ ಹೊತ್ತಿಗೆ ಹಾಗಾಗಲಿಲ್ಲ. ಆದರೆ ಗಾಯದ ಮೇಲೆ ಕಟ್ಟಿದ ಹಕ್ಕಳೆಯನ್ನು ಕಿತ್ತರೆ ಐದನೆಯ ದಿನದವರೆಗೂ ತುಂಡು ಅದರೊಡನೆ ಹೊರಬರುತ್ತಿತ್ತು. ಒಂಬತ್ತನೆಯ ದಿನದಿಂದ ಮುಂದೆ ಅಪಾಯವಿರಲಿಲ್ಲ. ಹತ್ತು ದಿನ ಮುಟ್ಟಬೇಡಿ, ಕೆರೆಯಬೇಡಿ ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಇಂಥ ಆಧಾರವಿದೆ.

ಎರಡನೆಯ ಮೂರನೆಯ ದಿನ ಹಣೆ ಊದಿಕೊಂಡು, ಮರುದಿನ ಊತವು ಕಣ್ಣಿನ ರೆಪ್ಪೆಗಳಿಗೆ ಇಳಿಯುವುದುಂಟು. ಮನೆಯವರು ಗಾಬರಿಯಾಗುತ್ತಾರೆ. ನೋವು ತಿಳಿಯದಿರಲೆಂದು ನೆತ್ತಿಗೆ ಚುಚ್ಚಿದ ದ್ರವವೂ ಗಾಯದಿಂದ ಒಸರಿದ ದ್ರವವೂ ಗುರುತ್ವಾಕರ್ಷಣಕ್ಕೆ ಒಳಗಾಗಿ ಕೆಳಕ್ಕೆ ಹರಿಯುವುದೇ ಇದಕ್ಕೆ ಕಾರಣ. ತಲೆಯನ್ನು ಎತ್ತರದಲ್ಲಿಟ್ಟು ಒರಗಿ ಮಲಗಿದರೆ ಊತವು ಕಡಿಮೆ. ಕೆಲವು ದಿನಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ.

ಹಳ್ಳಿಯಲ್ಲಿ ವಾಸಿಸುವವರಿಗೆ ಈ ಹತ್ತು ದಿನಗಳು ನಗರದವರಿಗಿಂತ ಕಷ್ಟ. ಎರೆಭೂಮಿಯ ಧೂಳು, ನೆತ್ತಿಯ ಮೇಲಿನ ಬಿಸಿಲು, ಬೆವರು, ಮೇವಿನ ಹೊರೆ, ಬಿಗಿಯಾಗಿ ಸುತ್ತಿದ ರುಮಾಲು, ಬೈಕಿನ ಹೆಲ್ಮೆಟ್ಟು ಇವೆಲ್ಲವೂ ಹೊಸ ಬೆಸುಗೆಗೆ ಶತ್ರುಗಳು. ಆದುದರಿಂದ ಸುಗ್ಗಿಯ ದಿನಗಳಲ್ಲಿ ಕಸಿ ಮಾಡಿಸಿಕೊಳ್ಳುವುದು ಬುದ್ಧಿವಂತಿಕೆಯಲ್ಲ. ದೇವರಿಗೆ ಮುಡಿ ಕೊಡುವ ಹರಕೆಯಿದ್ದವರು ಅದನ್ನು ಮೊದಲೇ ತೀರಿಸಬೇಕು, ಇಲ್ಲವೆ ವೈದ್ಯರನ್ನು ಕೇಳಿ ಮುಂದೂಡಬೇಕು. ಮಾಯುತ್ತಿರುವ ಚರ್ಮದ ಮೇಲೆ ಕ್ಷೌರದ ಕತ್ತಿ ಆಡಬಾರದು.

ಮೂರನೆಯ ವಾರದ ಭೀತಿ

ಹಕ್ಕಳೆಗಳು ಉದುರಿ ನೆತ್ತಿ ಶುಭ್ರವಾಗುತ್ತದೆ. ನೆಟ್ಟ ಕೂದಲುಗಳು ಮೋಟು ಮೋಟಾಗಿ ನಿಂತಿರುವುದನ್ನು ಕಂಡು ಮನಸ್ಸು ಹಿಗ್ಗುತ್ತದೆ. ಅಷ್ಟರಲ್ಲಿ ಎರಡನೆಯ ವಾರದಿಂದ ಆರನೆಯ ವಾರದೊಳಗೆ ಅವುಗಳಲ್ಲಿ ಬಹುಪಾಲು ಉದುರಿಹೋಗುತ್ತವೆ!

ನಮ್ಮಲ್ಲಿ ಕಲಿತು ಈಗ ಶಾಲೆಯೊಂದರಲ್ಲಿ ಪಾಠ ಹೇಳುತ್ತಿರುವ ಯಳವತ್ತಿಯ ತರುಣರೊಬ್ಬರು ಕಸಿಯಾದ ಹತ್ತೊಂಬತ್ತನೆಯ ದಿನ ನಮಗೆ ಬರೆದಿದ್ದರು. ದಿಂಬಿನ ಮೇಲೆ ಬಿದ್ದ ಕೂದಲುಗಳನ್ನು ಅವರು ಕಾಗದದಲ್ಲಿ ಕೂಡಿಸಿ ಎಣಿಸಿದ್ದರು: ಒಂದು ರಾತ್ರಿಗೆ ನೂರನಾಲ್ವತ್ತು. ಒಂದೊಂದರ ತುದಿಯಲ್ಲಿಯೂ ಬಿಳಿಯ ಚಿಕ್ಕ ಗಂಟು ಇದ್ದುದರಿಂದ ಬೇರುಸಹಿತ ಕಿತ್ತುಬಂದಿವೆಯೆಂದು ಅವರು ತೀರ್ಮಾನಿಸಿದ್ದರು. “ಹತ್ತಿ ಮಾರಿದ ರೊಕ್ಕ ಗಾಳಿಗೆ ತೂರಿದಂಗಾತಲ್ಲೋ, ತಮ್ಮಾ” ಎಂದು ತಾಯಿ ಅಂದ ಮಾತು ಅವರನ್ನು ಹೆಚ್ಚಾಗಿ ನೋಯಿಸಿತ್ತು. ಆ ವರ್ಷ ಮನೆಯ ಮಾಳಿಗೆಯ ರಿಪೇರಿಯನ್ನು ನಿಲ್ಲಿಸಿ, ಆ ಹಣವನ್ನು ಮಗನ ತಲೆಗೆ ಖರ್ಚು ಮಾಡಿದ್ದರು. ಪೇಟೆಯಲ್ಲಿ ಪರಿಚಯದವರು ಒಂದು ಎಣ್ಣೆಯನ್ನು ಹೇಳಿದ್ದಾರೆ, ಮೂರು ತಿಂಗಳ ಪೂರ್ಣ ಪ್ರಯೋಗಕ್ಕೆ ಒಂದು ತಿಂಗಳ ಸಂಬಳದಷ್ಟು ಬೆಲೆ, ಕೊಳ್ಳಲೇ ಎಂಬುದು ಅವರ ಪ್ರಶ್ನೆ.

ಮೇಲೆ ಹೇಳಿದ ಗಡಿಯಾರವನ್ನು ಈಗ ನೆನಪಿಗೆ ತಂದುಕೊಳ್ಳೋಣ. ರೋಮಕೂಪವನ್ನು ಅದರ ಸ್ಥಾನದಿಂದ ಕಿತ್ತು, ರಕ್ತವಿಲ್ಲದೆ ಕೆಲವು ಗಂಟೆ ಇರಿಸಿ, ಬೇರೆಡೆಯಲ್ಲಿ ನೆಟ್ಟಿದ್ದೇವೆ. ಈ ಆಘಾತಕ್ಕೆ ಅದು ಕೊಡುವ ಉತ್ತರ ಒಂದೇ: ಬೆಳೆಸುವುದನ್ನು ನಿಲ್ಲಿಸಿ, ಕುಗ್ಗಿ, ವಿಶ್ರಾಂತಿಗೆ ತೊಡಗುವುದು. ವಿಶ್ರಾಂತಿಯಲ್ಲಿರುವ ರೋಮಕೂಪವು ಹಳೆಯ ಕೂದಲನ್ನು ಬಿಡುತ್ತದೆ. ಬಿಳಿಯ ಗಂಟು ಬೇರಲ್ಲ. ಸ್ವಾಭಾವಿಕವಾಗಿ ಉದುರುವ ಪ್ರತಿಯೊಂದು ಕೂದಲಿನ ತುದಿಯಲ್ಲಿಯೂ ಇರುವ ಒಣ ಕೆರಟಿನಿನ ಗುಬುಟು. ಕೂದಲು ಹುಟ್ಟಿಸುವ ಕೋಶಗಳು ಚರ್ಮದೊಳಗೇ ಸುರಕ್ಷಿತವಾಗಿರುತ್ತವೆ. ತುಂಡೇ ಕಿತ್ತುಬರುವುದು ಮೊದಲ ದಿನಗಳಲ್ಲಿ. ಆಗ ರಕ್ತ ಜಿನುಗುತ್ತದೆ. ಹತ್ತೊಂಬತ್ತನೆಯ ದಿನ, ರಕ್ತದ ಹನಿಯೂ ಇಲ್ಲದೆ ಬಿದ್ದ ಕೂದಲಿಗೆ ಅಳಬೇಕಾದುದಿಲ್ಲ. ಹಚ್ಚಿದ ಅಗಿಯು ಕೆಲವು ದಿನ ಎಲೆ ಬಾಡಿ ನಿಂತು, ಬೇರು ಹಿಡಿದ ಮೇಲೆ ಚಿಗುರುವುದಕ್ಕೆ ಇದನ್ನು ಹೋಲಿಸಬಹುದು. ಆದರೆ ಹೋಲಿಕೆ ಪೂರ್ಣವಲ್ಲ: ಅಗಿ ವಾರದಲ್ಲಿ ಚೇತರಿಸಿಕೊಳ್ಳುತ್ತದೆ, ರೋಮಕೂಪಕ್ಕೆ ತಿಂಗಳುಗಳು ಬೇಕು. ಸುತ್ತಲಿನ ಹಳೆಯ ಕೂದಲೂ ಈ ಆಘಾತದಿಂದ ಉದುರಿ ಮರಳಿ ಬರುವುದುಂಟು.

ಎಷ್ಟು ತಿಂಗಳು? ವಿಶ್ರಾಂತಿಗೆ ಸುಮಾರು ಮೂರು ತಿಂಗಳು. ಅನಂತರ ಹೊಸ ಕೂದಲು ೪ ಮಿಲಿಮೀಟರು ಆಳದಿಂದ ದಿನಕ್ಕೆ ೦.೩೫ ಮಿಲಿಮೀಟರಿನಂತೆ ಮೇಲೇರಲು ಹನ್ನೊಂದು ಹನ್ನೆರಡು ದಿನ. ಉದುರಿದ ದಿನಗಳನ್ನೂ ಸೇರಿಸಿದರೆ ನಾಲ್ಕನೆಯ ತಿಂಗಳ ಸುಮಾರಿಗೆ ಮೊದಲ ಕೂದಲುಗಳು ತಲೆದೋರಬೇಕು. ವೈದ್ಯರ ಅನುಭವವೂ ಹೀಗೆಯೇ ಇದೆ. ಮೂರರಿಂದ ನಾಲ್ಕು ತಿಂಗಳಲ್ಲಿ ಆರಂಭ, ಒಂಬತ್ತರಿಂದ ಹನ್ನೆರಡು ತಿಂಗಳಲ್ಲಿ ಬಹುಮಟ್ಟಿಗೆ ಪೂರ್ಣಫಲ. ನೆತ್ತಿಯ ಹಿಂಭಾಗದಲ್ಲಿ ಹದಿನೆಂಟು ತಿಂಗಳವರೆಗೂ ಹಿಡಿಯಬಹುದು.

ಎಲ್ಲ ರೋಮಕೂಪಗಳೂ ಒಂದೇ ದಿನ ಎಚ್ಚರಗೊಳ್ಳುವುದಿಲ್ಲ. ವಿಕಿರಣಶೀಲ ವಸ್ತುವಿನಲ್ಲಿ ಯಾವ ಪರಮಾಣು ಯಾವಾಗ ಒಡೆಯುವುದೆಂದು ಹೇಳಲಾಗದಂತೆ, ಯಾವ ಕೂದಲು ಯಾವ ದಿನ ಹುಟ್ಟುವುದೆಂದು ಹೇಳಲಾಗದು. ಒಟ್ಟು ಸಮೂಹದ ವಿಷಯವನ್ನು ಮಾತ್ರ ಹೇಳಬಹುದು. ಒಂದು ಭೇದವಿದೆ. ಪರಮಾಣುವಿಗೆ ವಯಸ್ಸೆಂಬುದಿಲ್ಲ, ಎಷ್ಟು ಕಾಲ ಕಳೆದಿದ್ದರೂ ಅದರ ಪಾಲಿಗೆ ಇಂದೇ ಮೊದಲ ದಿನ. ರೋಮಕೂಪವಾದರೋ ಕಳೆದ ದಿನಗಳ ಲೆಕ್ಕವನ್ನು ಇಟ್ಟಿರುತ್ತದೆ. ಕಾದ ಪ್ರತಿಯೊಂದು ವಾರವೂ ಫಲವನ್ನು ಹತ್ತಿರಕ್ಕೆ ತರುತ್ತದೆ.

ನೆರಳಿನ ಲೆಕ್ಕ

ಐದನೆಯ ತಿಂಗಳಲ್ಲಿ ಕೂದಲು ಹುಟ್ಟಿದ್ದರೂ “ಏನೂ ಕಾಣುವುದಿಲ್ಲವಲ್ಲ” ಎಂಬ ಕೊರಗು ಸಾಮಾನ್ಯ. ಇದಕ್ಕೂ ಗಣಿತದಲ್ಲಿ ಉತ್ತರವಿದೆ. ಕೂದಲು ನೆತ್ತಿಯನ್ನು ಮುಚ್ಚುವುದು ತನ್ನ ನೆರಳಿನಿಂದ. ನೆರಳಿನ ವಿಸ್ತಾರವೆಂದರೆ ದಪ್ಪ ಮತ್ತು ಉದ್ದಗಳ ಗುಣಲಬ್ಧ. ಹೊಸ ಕೂದಲು ಮೊದಲು ಸಪೂರ, ೦.೦೪ ಮಿಲಿಮೀಟರು ದಪ್ಪ, ೧೦ ಮಿಲಿಮೀಟರು ಉದ್ದವೆಂದು ಭಾವಿಸಿದರೆ ನೆರಳು ೦.೪ ಚದರ ಮಿಲಿಮೀಟರು. ಅದೇ ಕೂದಲು ಬಲಿತು ೦.೦೭ ಮಿಲಿಮೀಟರು ದಪ್ಪ, ೬೦ ಮಿಲಿಮೀಟರು ಉದ್ದವಾದಾಗ ನೆರಳು ೪.೨ ಚದರ ಮಿಲಿಮೀಟರು. ಹತ್ತು ಪಟ್ಟಿಗೂ ಹೆಚ್ಚು! ಕೂದಲುಗಳ ಸಂಖ್ಯೆ ಒಂದೂ ಹೆಚ್ಚದೆ ಮುಚ್ಚಿಗೆ ಹತ್ತು ಪಟ್ಟಾಯಿತು. ಕೊನೆಯ ತಿಂಗಳುಗಳಲ್ಲಿ ಫಲವು ಒಮ್ಮೆಲೇ ಬಂದಂತೆ ಕಾಣುವುದು ಇದರಿಂದ.

ದಿನವೂ ಕನ್ನಡಿ ನೋಡುವುದಕ್ಕಿಂತ ತಿಂಗಳಿಗೊಮ್ಮೆ ಒಂದೇ ಸ್ಥಳದಲ್ಲಿ, ಒಂದೇ ಬೆಳಕಿನಲ್ಲಿ, ಅಷ್ಟೇ ದೂರದಿಂದ ಮೊಬೈಲಿನಲ್ಲಿ ಚಿತ್ರ ತೆಗೆದಿಡುವುದು ಲೇಸು. ಅಳತೆಯ ನಿಯಮಗಳು ಪ್ರಯೋಗಶಾಲೆಗೆ ಮಾತ್ರ ಮೀಸಲಲ್ಲ.

ಎಣ್ಣೆಯ ತರ್ಕ

ಇನ್ನು ಆ ಎಣ್ಣೆಯ ವಿಷಯ. ಮೂರನೆಯ ವಾರದಲ್ಲಿ ಎಣ್ಣೆಯನ್ನು ಕೊಂಡು ಮೂರು ತಿಂಗಳು ಹಚ್ಚಿದರೆ ಏನಾಗುತ್ತದೆ? ನಾಲ್ಕನೆಯ ತಿಂಗಳಲ್ಲಿ ಕೂದಲು ಬರುತ್ತದೆ! ಹಚ್ಚದಿದ್ದರೆ? ಆಗಲೂ ಬರುತ್ತದೆ. ಆದರೆ ಹಚ್ಚಿದವನು ಜೀವಮಾನವೆಲ್ಲ ಆ ಎಣ್ಣೆಯ ಮಹಿಮೆಯನ್ನು ಹೇಳುತ್ತ, ತನ್ನ ಪ್ರತ್ಯಕ್ಷ ಅನುಭವವೆಂದು ಸಾಕ್ಷಿ ನುಡಿಯುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಕಂಡುದನ್ನೇ ಹೇಳುತ್ತಿದ್ದಾನೆ. ಒಂದರ ಅನಂತರ ಬಂದುದು ಅದರಿಂದಲೇ ಬಂದಿತೆಂದು ಭಾವಿಸಿರುವುದಷ್ಟೇ ದೋಷ. ಒಂದೇ ಬಗೆಯ ಎರಡು ಗುಂಪುಗಳನ್ನು ಮಾಡಿ, ಒಂದಕ್ಕೆ ಹಚ್ಚಿ ಇನ್ನೊಂದಕ್ಕೆ ಹಚ್ಚದೆ ಹೋಲಿಸಿದ ಹೊರತು ಎಣ್ಣೆಯ ಗುಣವು ತಿಳಿಯದು. ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆಂಬ ನಂಬಿಕೆಯೂ ಹೀಗೆಯೇ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟಾಗಿ ತೋರುತ್ತದೆ. ಕೆಳಗಿರುವ ರೋಮಕೂಪಕ್ಕೆ ಮೇಲಿನ ಕತ್ತಿಯ ಸುದ್ದಿಯೇ ಇಲ್ಲ.

ಹಾಗೆಂದು ಔಷಧಗಳೇ ಇಲ್ಲವೆಂದಲ್ಲ. ಇಂಥ ಹೋಲಿಕೆಯ ಪರೀಕ್ಷೆಗಳಲ್ಲಿ ಗೆದ್ದುಬಂದ ಮಿನಾಕ್ಸಿಡಿಲ್ ಲೇಪನಕ್ಕೆ ೧೯೮೮ರಲ್ಲಿಯೂ ಫಿನಾಸ್ಟರೈಡ್ ಗುಳಿಗೆಗೆ ೧೯೯೭ರಲ್ಲಿಯೂ ಅಮೆರಿಕದ ಔಷಧ ಇಲಾಖೆಯು ಬೊಕ್ಕತಲೆಯ ಚಿಕಿತ್ಸೆಗಾಗಿ ಅನುಮತಿ ಕೊಟ್ಟಿತು. ಕಸಿಯ ಕೂದಲು ನಿಂತರೂ ಅದರ ನಡುವಿನ ಹಳೆಯ ಕೂದಲು ಕುಗ್ಗುವುದು ನಿಲ್ಲದು. ಅದಕ್ಕಾಗಿ ವೈದ್ಯರು ಇವುಗಳನ್ನು ಕೊಡುವುದುಂಟು. ಇವಕ್ಕೆ ಅಡ್ಡಪ್ರಭಾವಗಳೂ ಇರುವುದರಿಂದ ವೈದ್ಯರ ಮಾತಿಲ್ಲದೆ ಅಂಗಡಿಯಿಂದ ತಂದು ಬಳಸಬಾರದು.

ಕಾಯಬಾರದ ಸಂದರ್ಭ

ತಾಳ್ಮೆಯೆಂದರೆ ಅಲಕ್ಷ್ಯವಲ್ಲ. ಜ್ವರ ಬಂದರೆ, ಕೆಂಪು ದಿನದಿನಕ್ಕೆ ಹರಡಿದರೆ, ಕೀವು ಕಂಡರೆ, ನೋವು ಇಳಿಯುವ ಬದಲು ಏರಿದರೆ, ಚರ್ಮ ಕಪ್ಪಾದರೆ ಒಂದು ದಿನವೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಬೀಡಿ ಸಿಗರೇಟುಗಳು ಸೂಕ್ಷ್ಮ ರಕ್ತನಾಳಗಳನ್ನು ಸಂಕೋಚಗೊಳಿಸುವುದರಿಂದ ಗಾಯ ಮಾಯುವವರೆಗಾದರೂ ಅವನ್ನು ಬಿಡಬೇಕು. ಎಲ್ಲಕ್ಕಿಂತ ಮೊದಲು ಯಾರ ಕೈಯಿಂದ ಮಾಡಿಸಿಕೊಳ್ಳುತ್ತೇವೆಂಬುದನ್ನು ವಿಚಾರಿಸಬೇಕು. ಇದಕ್ಕೆ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಬೇಕೆಂದೂ, ಕಾರ್ಯಾಗಾರಗಳಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿದ ಮಾತ್ರಕ್ಕೆ ಅದು ತರಬೇತಿ ಎನಿಸದೆಂದೂ ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಅಗ್ಗದ ದರವನ್ನು ಕಂಡು ಅರ್ಹತೆಯನ್ನು ಕೇಳದಿರುವುದು ಪ್ರಾಣಕ್ಕೇ ಅಪಾಯವಾಗಬಹುದು.

ಯಳವತ್ತಿಯ ಆ ತರುಣರು ಎಣ್ಣೆಯನ್ನು ಕೊಳ್ಳಲಿಲ್ಲ. ವರ್ಷ ತುಂಬಿದಾಗ ಅವರ ಮುಂದಲೆಯಲ್ಲಿ ಕೂದಲು ನಿಂತಿತ್ತು. ಕಾಲೇಜಿನ ದಿನಗಳಷ್ಟು ದಟ್ಟವಾಗಿ ಅಲ್ಲ. ಹಿಂದಲೆಯಲ್ಲಿ ಇದ್ದುದರಲ್ಲಿ ಮುಂದಕ್ಕೆ ಕೊಡಲಾದಷ್ಟು. ನೆಟ್ಟವುಗಳಲ್ಲಿ ಕೆಲವು ಯಾರ ತಲೆಯಲ್ಲಿಯೂ ಬದುಕುವುದಿಲ್ಲ; ಆ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ಕೂದಲು ಬೇಕೆನ್ನುವವನನ್ನು ಹಂಗಿಸುವುದೂ, ಬೇಡವೆಂದು ಬೋಳುತಲೆಯಿಂದಲೇ ಓಡಾಡುವವನನ್ನು ಕನಿಕರದಿಂದ ಕಾಣುವುದೂ ಎರಡೂ ಸಲ್ಲದು. ಅದು ಅವರವರ ಇಚ್ಛೆ. ಮಾಡಿಸಿಕೊಳ್ಳಬೇಕೆನ್ನುವವನು ಹಣದೊಡನೆ ಒಂದು ವರ್ಷವನ್ನೂ ಮೀಸಲಿಡಬೇಕು. ಆ ವರ್ಷದಲ್ಲಿ ಏನು ನಡೆಯುವುದೆಂಬುದನ್ನು ಮನೆಯವರಿಗೆ, ಮುಖ್ಯವಾಗಿ ತಾಯಿಗೆ, ಮೊದಲೇ ತಿಳಿಸಿ ಹೇಳಿರಬೇಕು. ಮೂರನೆಯ ವಾರದಲ್ಲಿ ಕೂದಲು ಉದುರುವುದೆಂದು ಅವರಿಗೆ ಮೊದಲೇ ಗೊತ್ತಿದ್ದರೆ, ಉದುರಿದ ದಿನ ಮನೆಯಲ್ಲಿ ಯಾರೂ ಕಣ್ಣೀರು ಹಾಕಬೇಕಾಗುವುದಿಲ್ಲ.